ನಾಲ್ಕು ಬ್ರೇಕಿನ ದಾರಿ

ಮಳವಳ್ಳಿಯಿಂದ ಭಾರತೀನಗರಕ್ಕೆ ಹೋಗುವಾಗ ಎಷ್ಟು ಸಲ ಬ್ರೇಕು ಒತ್ತಬೇಕು? ಹೀಗೆ ಕೇಳಿದರೆ ಜನ ನಗುತ್ತಾರೆ. ನನಗೆ ಉತ್ತರ ಗೊತ್ತು. ನಾಲ್ಕು ಸಲ. ಐದನೆಯ ಸಲ ಒತ್ತಿದರೆ ನನ್ನ ಪಕ್ಕದಲ್ಲಿ ಕೂತಿರುತ್ತಿದ್ದ ಮನುಷ್ಯ ಒಮ್ಮೆ ಲೊಚಗುಟ್ಟಿ ಕಿಟಕಿಯ ಆಚೆ ನೋಡುತ್ತಿದ್ದರು. ಅದಕ್ಕಿಂತ ನಾಲ್ಕು ಬೈದಿದ್ದರೆ ವಾಸಿ ಇತ್ತು.

ಅವರು ಹೋಗಿ ಮೊನ್ನೆಗೆ ವರ್ಷ ತುಂಬಿತು. ಹೆಸರು ಬರೆಯುವುದಿಲ್ಲ. ನಮ್ಮ ಬೀದಿಯವರಿಗೆ ಗೊತ್ತಾಗುತ್ತದೆ, ಬೇರೆಯವರಿಗೆ ಬೇಕಾಗಿಲ್ಲ. ಅವರ ಬಗ್ಗೆ ಬರೆಯಬೇಕು ಎಂದು ಎಷ್ಟೋ ಸಲ ಕೂತು ಎದ್ದುಹೋಗಿದ್ದೇನೆ. ಯಾಕೆಂದರೆ ಅವರ ಬಗ್ಗೆ ಬರೆಯುವುದಾದರೆ ನನ್ನದೊಂದು ಸುಳ್ಳಿನ ಬಗ್ಗೆಯೂ ಬರೆಯಬೇಕು. ಅವರ ಹೆಂಡತಿಗೆ ಆಸ್ಪತ್ರೆಯ ಬಾಗಿಲಲ್ಲಿ ನಿಂತು ನಾನು ಹೇಳಿದ ಸುಳ್ಳು ಅದು. ಅದನ್ನು ವರ್ಷವೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಅದೇ ಮನೆಗೆ ಹೋಗಿ ಕಾಫಿ ಕುಡಿದು ಬಂದಿದ್ದೇನೆ.

ಅವರು ಬ್ಲಫ್‌ನ ಜಲಪಾತದ ವಿದ್ಯುತ್ ಕೇಂದ್ರದಲ್ಲಿ ಮೂವತ್ತು ಚಿಲ್ಲರೆ ವರ್ಷ ಆಪರೇಟರ್ ಆಗಿದ್ದವರು. ಹುಟ್ಟಿದ್ದೂ ಅಲ್ಲಿನ ಕ್ವಾರ್ಟರ್ಸಿನಲ್ಲೇ. ನಿವೃತ್ತಿಯಾದ ಮೇಲೆ ಮಳವಳ್ಳಿಯಲ್ಲಿ ನಮ್ಮೆದುರಿಗೆ ಮನೆ ಕಟ್ಟಿಸಿಕೊಂಡು ಬಂದರು. ಯಂತ್ರಗಳ ಸದ್ದಿನಲ್ಲಿ ಕಿವಿ ಅರ್ಧಕ್ಕರ್ಧ ಹೋಗಿತ್ತು. ಹಾಗಾಗಿ ಮಾತು ಜೋರು. ಬೆಳಿಗ್ಗೆ ಅವರು ಹೆಂಡತಿಯನ್ನು ಕಾಫಿ ಕೇಳಿದರೆ ನಮ್ಮ ಮನೆಯಲ್ಲಿ ನಾನೂ ಒಲೆ ಹಚ್ಚುತ್ತಿದ್ದೆ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅತ್ತಿಗೆ. ನಾನು ಭಾರತೀನಗರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವಳಾದ್ದರಿಂದ ಅವರಿಗೆ ನಾನು ಮೇಷ್ಟ್ರಮ್ಮ.

ನಿವೃತ್ತಿಯ ಮಾರನೇ ವರ್ಷ ಒಂದು ಹೈಬ್ರಿಡ್ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದರು. ಬೀದಿಯವರೆಲ್ಲ ಸುತ್ತ ನೆರೆದರು. ವೈರು ಎಲ್ಲಿದೆ, ಕರೆಂಟಿಗೆ ಎಲ್ಲಿ ಸಿಕ್ಕಿಸುವುದು ಎಂದು ಹುಡುಕಿದವರೇ ಎಲ್ಲ.

"ಇದುಕ್ಕೆ ವೈರೂ ಇಲ್ಲ, ಪೈರೂ ಇಲ್ಲ ಕಣ್ರಲಾ. ಒಳ್ಗೆ ಪೆಟ್ರೋಲ್ ಎಂಜಿನ್ನೂ ಐತೆ, ಬ್ಯಾಟ್ರಿ ಮೋಟ್ರೂ ಐತೆ. ಮೆಲ್ಗೆ ಓದ್ರೆ ಎಂಜಿನ್ನು ತಾನೇ ನಿಂತ್ಕತದೆ, ಮೋಟ್ರು ಎಳೀತದೆ. ಇಳಿಜಾರಲ್ಲಿ ಚಕ್ರ ತಿರುಗಿ ಬ್ಯಾಟ್ರಿ ತುಂಬ್ಕತದೆ. ತನ್ ಕರೆಂಟು ತಾನೇ ಮಾಡ್ಕತದೆ."

"ಅಂಗಂದ್ರೆ ಪೆಟ್ರೋಲೇ ಬ್ಯಾಡ್ವಾ?" ಎಂದು ಒಬ್ಬ ಕೇಳಿದ.

"ನೀನು ಓಡ್ಸುದ್ರೆ ಬೇಕು, ನಾನು ಓಡ್ಸುದ್ರೆ ವಸಿ ಕಮ್ಮಿ ಬೇಕು."

ಆ ವಸಿ ಕಮ್ಮಿಯೇ ಅವರ ಉಳಿದ ಬಾಳಾಯಿತು. ನೀರು ಮೇಲಿಂದ ಬಿದ್ದು ಯಂತ್ರ ತಿರುಗಿಸುವುದನ್ನೇ ಜೀವಮಾನವೆಲ್ಲ ನೋಡಿದ ಮನುಷ್ಯ. ಒಮ್ಮೆ ಬಿದ್ದುಹೋದ ನೀರನ್ನು ಮತ್ತೆ ಬೀಳಿಸೋಕಾಗಲ್ಲ, ಬೀಳುವಾಗಲೇ ಹಿಡಿದುಕೊಳ್ಳಬೇಕು ಎನ್ನುವುದು ಅವರ ರಕ್ತದಲ್ಲಿತ್ತು. ದಾರಿಯಲ್ಲಿ ಒಂದು ಇಳಿಜಾರು ಸುಮ್ಮನೆ ವ್ಯರ್ಥವಾದರೆ ಅನ್ನ ಚೆಲ್ಲಿದಷ್ಟು ಸಂಕಟಪಡುತ್ತಿದ್ದರು. ಲೀಟರಿಗೆ ಎಷ್ಟು ಕಿಲೋಮೀಟರು ಬಂತು ಎಂದು ಕಾರಿನ ಪರದೆ ತೋರಿಸುತ್ತದಲ್ಲ, ಅದನ್ನು ದಿನವೂ ನನಗೆ ಓದಿ ಹೇಳುತ್ತಿದ್ದರು. ಇಪ್ಪತ್ತೇಳೂವರೆ ಬಂದ ದಿನ ಕಾಲೇಜಿನ ಗೇಟಿನ ಮುಂದೆ ನನಗೆ ಕಬ್ಬಿನ ಹಾಲು ಕುಡಿಸಿದ್ದು ಈಗಲೂ ನೆನಪಿದೆ.

ಅವರಿಗೆ ಭಾರತೀನಗರದಲ್ಲಿ ಯಾವ ಕೆಲಸವೂ ಇರಲಿಲ್ಲ. ಬಸ್ಸಿಗೆ ಕಾಯುತ್ತಿದ್ದ ನನ್ನನ್ನು ಒಂದು ದಿನ ಹತ್ತಿಸಿಕೊಂಡರು, ಮಾರನೆ ದಿನವೂ ಹತ್ತಿಸಿಕೊಂಡರು, ಆಮೇಲೆ ಅದೇ ಅಭ್ಯಾಸವಾಯಿತು. ನನ್ನನ್ನು ಇಳಿಸಿ ಒಂದು ಟೀ ಕುಡಿದು ವಾಪಸು ಬರುತ್ತಿದ್ದರು. ಅತ್ತಿಗೆ ಕಾಂಪೌಂಡಿನಿಂದ ಕೂಗಿ ಹೇಳುತ್ತಿದ್ದರು: "ಪೆಟ್ರೋಲ್ ಉಳಸಾಕೆ ಅಂತ ದಿನಾ ಪೆಟ್ರೋಲ್ ಸುಡ್ತಾವ್ರೆ ನೋಡವ್ವ ಇವ್ರು."

ಹತ್ತುವ ಮುಂಚೆ ನನ್ನ ಚೀಲದ ತಪಾಸಣೆ. "ಏನೈತೆ ಮೇಷ್ಟ್ರಮ್ಮ ಇಷ್ಟು ಭಾರ?" "ಉತ್ತರ ಪತ್ರಿಕೆ ಅಣ್ಣ." "ಒಳ್ಗೆ ಏನೂ ಬರ್ದಿರಾಕಿಲ್ಲ ಬುಡು, ಆದ್ರೂ ತೂಕ ತೂಕ್ವೇ." ಡಿಕ್ಕಿಯಲ್ಲಿ ಒಂದು ಕಡ್ಡಿ ಇರುವಂತಿಲ್ಲ. ಅತ್ತಿಗೆ ಮರೆತು ಬಿಟ್ಟಿದ್ದ ಛತ್ರಿಯನ್ನೂ ಎತ್ತಿ ಮನೆಯೊಳಗೆ ಇಟ್ಟು ಬಂದು ಗಾಡಿ ತೆಗೆಯುತ್ತಿದ್ದರು. ಭಾನುವಾರ ಬಿಸಿಲೇರುವ ಮುಂಚೆ ಟೈರಿಗೆ ಗಾಳಿ ನೋಡಿಸುವುದು ತಪ್ಪುತ್ತಿರಲಿಲ್ಲ.

ನನಗೆ ಕಾರು ಓಡಿಸಲು ಕಲಿಸಿದವರೂ ಅವರೇ. ಆಗ ನನಗೆ ನಲವತ್ಮೂರು. ಬೇರೆ ಕಲಿಸುವವರು ಮೊದಲು ಸ್ಟೇರಿಂಗ್ ಹಿಡಿಯುವುದನ್ನು ಹೇಳಿಕೊಡುತ್ತಾರೆ. ಇವರು ಚಪ್ಪಲಿ ಬಿಡಿಸಿದರು. ತಾವೂ ಬರಿಗಾಲಲ್ಲೇ ಓಡಿಸುತ್ತಿದ್ದರು. ಕಿವಿ ಕೇಳಿಸದ ಅವರಿಗೆ ಎಂಜಿನ್ ಎದ್ದದ್ದು, ನಿಂತದ್ದು ಅಂಗಾಲಿನಲ್ಲಿ ಗೊತ್ತಾಗುತ್ತಿತ್ತು. ಪಕ್ಕದಲ್ಲಿ ಕೂತಾಗಲೂ ಪಾದಗಳನ್ನು ನೆಲಕ್ಕೆ ಒತ್ತಿ ಇಟ್ಟುಕೊಂಡಿರುತ್ತಿದ್ದರು. ನಾನು ವೇಗ ಹಿಡಿದು, ಮೆಲ್ಲಗೆ ಕಾಲು ಸಡಿಲಿಸಿದರೆ, ಎಂಜಿನ್ ನಿಂತು ಕಾರು ತನ್ನಷ್ಟಕ್ಕೆ ಜಾರುತ್ತಿತ್ತು. ಆಗ ಅವರ ಜೋರು ದನಿ ಇದ್ದಕ್ಕಿದ್ದಂತೆ ಇಳಿಯುತ್ತಿತ್ತು.

"ಮಲಿಕತ್ತು. ಎಬ್ಬುಸ್ಬ್ಯಾಡ."

ನಾನು ಉಸಿರು ಬಿಗಿಹಿಡಿದು ಓಡಿಸುತ್ತಿದ್ದೆ. ಎಷ್ಟು ದೂರ ಎಬ್ಬಿಸದೆ ಹೋಗುತ್ತೇನೋ ಅಷ್ಟು ದೂರವೂ ಇಬ್ಬರೂ ಮಾತಾಡುತ್ತಿರಲಿಲ್ಲ. ತೊಟ್ಟಿಲ ಪಕ್ಕ ಓಡಾಡುವವರಂತೆ ಆ ದಾರಿಯಲ್ಲಿ ಓಡಾಡಿದ್ದೇವೆ.

ಬ್ರೇಕಿನ ಬಗ್ಗೆ ಅವರದು ಒಂದೇ ಮಾತು. "ಮೆಲ್ಗೆ ಒತ್ತುದ್ರೆ ಕರೆಂಟು, ಜೋರಾಗಿ ಒತ್ತುದ್ರೆ ಬರೀ ಬಿಸಿ. ಜೋರಾಗಿ ಒತ್ತಿದ್ಯ ಅಂದ್ರೆ ನೀನು ಮುಂದುಕ್ ನೋಡ್ನಿಲ್ಲ ಅಂತ ಒಪ್ಕಂಡಂಗೆ." ಹಂಪು ಎಲ್ಲಿದೆ, ಯಾವ ನಾಲೆಯ ಸೇತುವೆ ಕಿರಿದು, ಶಾಲೆ ಮಕ್ಕಳು ಎಷ್ಟೊತ್ತಿಗೆ ರಸ್ತೆ ದಾಟುತ್ತಾರೆ, ಎಲ್ಲವೂ ಅವರ ತಲೆಯಲ್ಲಿತ್ತು. ಅರ್ಧ ಫರ್ಲಾಂಗು ಮೊದಲೇ "ಕಾಲು ಎತ್ತು" ಎನ್ನುತ್ತಿದ್ದರು. ಕಬ್ಬು ಅರೆಯುವ ಕಾಲದಲ್ಲಿ ಮುಂದೆ ಟ್ರಾಕ್ಟರುಗಳ ಸಾಲು. ಎಲ್ಲರೂ ನುಗ್ಗಿ ಮುಂದೆ ಹೋಗುತ್ತಿದ್ದರೆ ನಾವು ಹಿಂದೆಯೇ ತೆವಳುತ್ತಿದ್ದೆವು. ಬಸ್ಸಿನವರು ಹಾರ್ನು ಬಾರಿಸಿ ಬಾಯಿಗೆ ಬಂದದ್ದು ಬೈದು ಹೋಗುತ್ತಿದ್ದರು. ಅಣ್ಣ ಕೈಯಾಡಿಸಿ, "ಓಗಪ್ಪ, ನೀನ್ ಮೊದ್ಲು ಓಗು, ಮುಂದಿನ್ ಹಂಪಲ್ಲಿ ಸಿಗ್ತೀನಿ" ಎನ್ನುತ್ತಿದ್ದರು. ನಿಜಕ್ಕೂ ಮುಂದಿನ ಹಂಪಿನಲ್ಲಿ ಸಿಗುತ್ತಿದ್ದರು.

ಜಿಪುಣರು ಎಂದುಕೊಳ್ಳಬೇಡಿ. ಒಮ್ಮೆ ಹುರುಳಿ ಕಿತ್ತ ಕಾಲ. ನಮ್ಮ ಕಡೆ ಹುರುಳಿ ಗಿಡವನ್ನು ರಸ್ತೆಯ ಮೇಲೆ ಹರಡಿಬಿಡುತ್ತಾರೆ, ಹೋಗಿ ಬರುವ ಗಾಡಿಗಳೇ ತುಳಿದು ಒಕ್ಕಣೆ ಮಾಡಿಕೊಡಲಿ ಎಂದು. ಅಣ್ಣನಿಗೆ ಅದು ಆಗದು. ಆ ಹೊಟ್ಟಿನಲ್ಲಿ ಚಕ್ರ ಎಳೆಯಬೇಕು, ಎಂಜಿನ್ ಏಳುತ್ತದೆ, ಲೆಕ್ಕವೆಲ್ಲ ಕೆಡುತ್ತದೆ. ಅವತ್ತು ಅವರೇ ಓಡಿಸುತ್ತಿದ್ದರು. ಹುರುಳಿಯ ಅಂಚಿಗೆ ಗಾಡಿ ನಿಲ್ಲಿಸಿಬಿಟ್ಟರು. ಮರದ ಕೆಳಗೆ ಕೂತಿದ್ದ ಅಜ್ಜಿ ಎದ್ದು ಬಂತು.

"ಯಾಕಪ್ಪ ನಿಂತ್ಕಂಡೆ? ತುಳೀಲಿ ಅಂತ್ಲೇ ಆಕಿರಾದು. ಬೆಳಗಿಂದ ನಾಕು ಗಾಡಿ ಬಂದಿಲ್ಲ. ನೀನೂ ನಿಂತ್ಕಂಡ್ರೆ ನಾನೇನ್ ಕೈಲಿ ಉಜ್ಲಾ?"

ಅಣ್ಣ ಅಜ್ಜಿಯ ಕೈ ನೋಡಿದರು. ಹುರುಳಿಯ ಮೇಲೆ ಗಾಡಿ ಬಿಟ್ಟರು. ಆಚೆ ತುದಿಗೆ ಹೋಗಿ ಹಿಂದಕ್ಕೆ ಬಂದರು. ಮತ್ತೆ ಹೋದರು. ನನ್ನ ಮೊದಲನೆ ಪೀರಿಯಡ್ಡು ಮುಗಿಯುವ ಹೊತ್ತಿಗೂ ನಾವು ಆ ಹುರುಳಿಯ ಮೇಲೇ ಹಿಂದೆ ಮುಂದೆ ಓಡಾಡುತ್ತಿದ್ದೆವು. ಅಜ್ಜಿ ಮೊರದಲ್ಲಿ ಒಂದಿಷ್ಟು ಹುರುಳಿ ತಂದು ಕೊಡಲು ಬಂದರೆ, "ಬ್ಯಾಡ ಕಣವ್ವ, ತೂಕ ಆಯ್ತದೆ" ಎಂದರು. ಆ ದಿನ ಪರದೆ ಹದಿನೆಂಟು ತೋರಿಸಿತು. ಒಂದು ವಾರ ಆ ಅಂಕಿಯ ಸುದ್ದಿಯನ್ನೇ ಎತ್ತಲಿಲ್ಲ.

ಇಷ್ಟು ಮೆತ್ತಗಿನ ಮನುಷ್ಯ ಒಂದು ವಿಷಯದಲ್ಲಿ ಮಾತ್ರ ಒರಟಾಗಿದ್ದರು, ಅದು ನನಗೆ ಆಗಲೇ ಗೊತ್ತಾಗಬೇಕಿತ್ತು. ಅತ್ತಿಗೆಯನ್ನು ಆ ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದದ್ದು ಅಪರೂಪ. ಅವರು ಸ್ವಲ್ಪ ದಪ್ಪ. ಎಲ್ಲಿಗೆ ಹೊರಟರೂ ತೆಂಗಿನಕಾಯಿ, ರಾಗಿಹಿಟ್ಟು, ನೀರಿನ ಕ್ಯಾನು ಎಂದು ಒಂದು ಮನೆಯನ್ನೇ ಹೊತ್ತು ತರುವವರು. "ನೀನ್ ಕೂತ್ರೆ ಮೈಲೇಜು ಬಿದ್ದೋಯ್ತದೆ, ಬಸ್ಸಲ್ಲಿ ಬಾ" ಎಂದು ಅಣ್ಣ ಬೀದಿಗೆಲ್ಲ ಕೇಳಿಸುವ ಹಾಗೆ ತಮಾಷೆ ಮಾಡುತ್ತಿದ್ದರು. ಅತ್ತಿಗೆಯೂ ನಗುತ್ತಿದ್ದರು. ಒಂದು ಸಲ ಮಾತ್ರ, ನಾನು ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಳ್ಳುವಾಗ, ಗೇಟಿನ ಹತ್ತಿರ ನಿಂತಿದ್ದ ಅತ್ತಿಗೆ, "ಆ ಸೀಟು ಮೆತ್ಗೈತಾ?" ಎಂದು ಕೇಳಿದರು. ಮೆತ್ತಗಿದೆ ಎಂದೆ. ತಲೆ ಆಡಿಸಿ ಒಳಗೆ ಹೋದರು. ಮಾರನೆ ದಿನವೂ ನಾನೇ ಆ ಸೀಟಿನಲ್ಲಿ ಕೂತೆ.

ಅವತ್ತಿನ ದಿನಕ್ಕೆ ಬರಲೇಬೇಕು.

ಆ ಬೆಳಿಗ್ಗೆ ನಾನೇ ಓಡಿಸುತ್ತಿದ್ದೆ. ಊರು ದಾಟಿದ ಮೇಲೆ ಅಣ್ಣ ಎದೆ ನೀವಿಕೊಂಡರು. ಏನಾಯಿತು ಎಂದರೆ "ಗ್ಯಾಸ್ಟಿಕ್ಕು, ರಾತ್ರಿ ಅವರೆಕಾಳು ತಿಂದ್ನಲ್ಲ" ಎಂದರು. ಭಾರತೀನಗರ ತಲುಪುವಷ್ಟರಲ್ಲಿ ಅಂಗಿ ಒದ್ದೆಯಾಗಿತ್ತು. ಕಾಲೇಜಿಗೆ ಹೋಗದೆ ಒಂದು ಸಣ್ಣ ಕ್ಲಿನಿಕ್ಕಿನ ಮುಂದೆ ನಿಲ್ಲಿಸಿದೆ. ಡಾಕ್ಟರು ನೋಡಿ, ಮಾತ್ರೆ ಕೊಟ್ಟು, ನನ್ನನ್ನು ಹೊರಗೆ ಕರೆದು, "ಹಾರ್ಟು. ಕಾರಿದೆಯಲ್ಲ, ಒಂದು ನಿಮಿಷ ನಿಲ್ಲಬೇಡಿ, ಮಂಡ್ಯಕ್ಕೆ ಹೊರಡಿ" ಎಂದರು.

ಹೊರಟೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದೆ. ಅಷ್ಟು ಜೋರಾಗಿ ಆ ಕಾರು ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಸೀಟು ಹಿಂದಕ್ಕೆ ಮಾಡಿ ಒರಗಿದ್ದ ಅಣ್ಣ ಕಣ್ಣು ಬಿಟ್ಟರು.

"ಯಾಕಮ್ಮ ಅಂಗ್ ಒತ್ತೀಯ? ಮುಂದೆ ಹಂಪೈತೆ. ಕಾಲು ಎತ್ತು."

ನಾನು ಎತ್ತಿದೆ. ಇದನ್ನು ಹೇಗೆ ಬರೆದರೂ ಯಾರಿಗೂ ಅರ್ಥವಾಗುವುದಿಲ್ಲ. ಎರಡು ವರ್ಷ ಆ ದನಿ ಹೇಳಿದ ಹಾಗೆ ನನ್ನ ಕಾಲು ಎದ್ದಿದೆ, ಇಳಿದಿದೆ. ಅದು ನನ್ನನ್ನು ಕೇಳದೆಯೇ ಎದ್ದಿತು. ಆಮೇಲೆ ಇನ್ನೊಂದು ಯೋಚನೆ ಬಂತು. ತಪ್ಪು ಹುಡುಕುತ್ತಿದ್ದಾರೆ ಎಂದರೆ ಇನ್ನೂ ಇದ್ದಾರೆ. ನಾನು ಚೆನ್ನಾಗಿ ಓಡಿಸಿದರೆ, ಅವರಿಗೆ ಮೆಚ್ಚುಗೆಯಾಗುವ ಹಾಗೆ ಓಡಿಸಿದರೆ, ಮಾತಾಡುತ್ತಲೇ ಇರುತ್ತಾರೆ, ಮಾತಾಡುತ್ತಾ ಇರುವವರು ಸಾಯುವುದಿಲ್ಲ. ಎಂಎ ಓದಿದವಳು ನಾನು. ಹಾಗೆ ಯೋಚಿಸಿದೆ. ಟ್ರಾಕ್ಟರಿನ ಹಿಂದೆ ಕಾದೆ. ನುಗ್ಗಬಹುದಾಗಿದ್ದ ಕಡೆ ನುಗ್ಗಲಿಲ್ಲ. ನಡುವೆ ಎರಡು ಸಲ ಹೆದರಿ ಒತ್ತಿದೆ, ಎರಡು ಸಲವೂ ಅವರು ಬೆರಳೆತ್ತಿದರು, ನಾನು ಸಡಿಲಿಸಿದೆ.

ಅವರು ಮಾತಾಡಿದರು. ದಾರಿಯುದ್ದಕ್ಕೂ ಮಾತಾಡಿದರು. ಅತ್ತಿಗೆಗೆ ಫೋನ್ ಮಾಡುತ್ತೇನೆ ಎಂದರೆ, "ಬ್ಯಾಡ, ಬಟ್ಟೆ ನೆನೆ ಆಕವ್ಳೆ, ಅರ್ಧಕ್ ಬುಟ್ಟು ಓಡ್ಬತ್ತಾಳೆ" ಎಂದರು. ಗದ್ದೆ ಬಯಲು ಬಂದಾಗ ಎಂಜಿನ್ ನಿಂತಿತು. ಅವರ ಪಾದಕ್ಕೆ ಅದು ತಿಳಿಯಿತು. ಮಲಿಕತ್ತು ಎನ್ನಲಿಲ್ಲ. ಬೇರೊಂದು ಮಾತು ಹೇಳಿದರು.

"ಒಂದಿನಾನೂ ಅವ್ಳುನ್ನ ಕೂರುಸ್ಕಂಡು ಸುಮ್ಕೆ ಒಂದ್ ಸುತ್ತು ಓಗ್ಬರ್ನಿಲ್ಲ ಕಣಮ್ಮ. ಬರೀ ಆ ನಂಬರ್ನೇ ನೋಡ್ಕಂಡು ಕೂತೆ. ಏಟ್ ಆಸೆ ಇತ್ತೋ ಏನೋ ಅವ್ಳ್ಗೆ. ವಾಸಿಯಾಗ್ಲಿ, ಬ್ಲಫ್‌ಗಂಟ ಕರ್ಕೊಂಡೋಯ್ತೀನಿ. ಕಾಯಿ, ಇಟ್ಟು, ಏನ್ ಬೇಕಾರೂ ತುಂಬ್ಕಳ್ಳಿ."

"ಹೋಗೋಣ ಅಣ್ಣ" ಎಂದೆ. ಅದಾದ ಮೇಲೆ ಮಾತು ತೊದಲಿತು. ಮಂಡ್ಯದ ಮೊದಲ ಸಿಗ್ನಲ್ಲಿನಲ್ಲಿ ತಲೆ ಬಾಗಿಲ ಕಡೆ ವಾಲಿತು. ಆಗ ನಾನು ಹಾರ್ನು ಒತ್ತಿಕೊಂಡೇ ಓಡಿಸಿದೆ.

ಆಸ್ಪತ್ರೆಯಲ್ಲಿ ಅವರನ್ನು ಒಳಗೆ ಕರೆದುಕೊಂಡು ಹೋದವರು ಮುಕ್ಕಾಲು ಗಂಟೆಯ ಮೇಲೆ ಹೊರಗೆ ಬಂದು ಇಲ್ಲ ಎಂದರು. ಎಲ್ಲಿಂದ ಬಂದಿರಿ, ಎಷ್ಟೊತ್ತಿಗೆ ಹೊರಟಿರಿ ಎಂದು ಕೇಳಿದರು. ಹೇಳಿದೆ. ಅವರು ಗಡಿಯಾರ ನೋಡಿ, ಮತ್ತೆ ನನ್ನನ್ನು ನೋಡಿದರು. ಆ ನೋಟದಲ್ಲಿ ನನಗೆ ಎಲ್ಲವೂ ತಿಳಿಯಿತು. ಇಪ್ಪತ್ತು ಕಿಲೋಮೀಟರು ದಾರಿಗೆ ಯಾರೂ ಅಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ.

ಫೋನ್ ಮಾಡಿ ತಿಳಿಸಿದೆ. ಅತ್ತಿಗೆ ತಮ್ಮ ಮಗಳು, ಅಳಿಯನ ಜೊತೆ ಬಂದಾಗ ಸೆರಗಿನ ತುದಿ ಇನ್ನೂ ಒದ್ದೆ ಇತ್ತು. ಅಳಲಿಲ್ಲ. ನನ್ನ ಎರಡೂ ತೋಳು ಹಿಡಿದುಕೊಂಡು, "ದಾರೀಲಿ ಏನಾರ ಅಂದ್ರಾ?" ಎಂದು ಕೇಳಿದರು.

ಅಂದರು ಎಂದರೆ ಎಚ್ಚರವಿತ್ತು ಎಂದಾಗುತ್ತದೆ. ಎಚ್ಚರವಿದ್ದ ಮನುಷ್ಯ ಏನೇನು ಹೇಳಿದ, ನೀನು ಹೇಗೆ ಓಡಿಸಿದೆ ಎಂದು ಬರುತ್ತದೆ. ಅಷ್ಟನ್ನೂ ನಾನು ಒಂದು ಕ್ಷಣದಲ್ಲಿ ಲೆಕ್ಕ ಹಾಕಿದೆ.

"ಇಲ್ಲ ಅತ್ತಿಗೆ. ಕಾರು ಹತ್ತಿದಾಗಲೇ ಎಚ್ಚರ ಇರಲಿಲ್ಲ" ಎಂದೆ.

ಅವರು ನನ್ನ ತೋಳು ಬಿಟ್ಟರು.

ಕಾರನ್ನು ಸೋಮನಹಳ್ಳಿಯಲ್ಲಿರುವ ಅಳಿಯ ತೆಗೆದುಕೊಂಡು ಹೋದ. ಒಳ್ಳೆಯ ಹುಡುಗ, ಎಲ್ಲರಂತೆ ಓಡಿಸುತ್ತಾನೆ. ನಾನು ಮತ್ತೆ ಬಸ್ಸಿಗೆ ಬಿದ್ದೆ. ವರ್ಷವೆಲ್ಲ ಬಸ್ಸಿನ ಕಿಟಕಿಯಿಂದ ಆ ದಾರಿ ನೋಡುತ್ತಾ ಹೋಗಿದ್ದೇನೆ. ಎಲ್ಲಿ ಒತ್ತಬಹುದಿತ್ತು, ಎಲ್ಲಿ ನುಗ್ಗಬಹುದಿತ್ತು ಎನ್ನುವುದು ಬಿಟ್ಟು ಬೇರೆ ಯೋಚನೆ ಬಂದಿಲ್ಲ. ಕಾಲೇಜಿನಲ್ಲಿ ಒಬ್ಬರು, "ನೀವು ಜೊತೆಗಿದ್ದಿರಿ, ಪುಣ್ಯ" ಎಂದರು. ಎದ್ದು ಹೊರಗೆ ಹೋದೆ.

ವರ್ಷದ ಎಡೆಯ ದಿನ ಊಟಕ್ಕೆ ಕೂತಿದ್ದಾಗ ಅತ್ತಿಗೆ ನನ್ನ ಎಲೆಗೆ ತಾವೇ ಬಂದು ತುಪ್ಪ ಹಾಕಿದರು. ಆ ಅನ್ನವನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಮಾರನೆ ದಿನ, ನೆಂಟರೆಲ್ಲ ಹೋದ ಮೇಲೆ, ಅವರ ಮನೆಗೆ ಹೋದೆ. ಹಿತ್ತಲಲ್ಲಿ ದೊಡ್ಡ ಪಾತ್ರೆಗಳನ್ನು ಬೋರಲು ಹಾಕುತ್ತಿದ್ದರು.

"ಅತ್ತಿಗೆ, ಅವತ್ತು ಅಣ್ಣನಿಗೆ ಎಚ್ಚರ ಇತ್ತು. ಸುಳ್ಳು ಹೇಳಿದೆ."

ಪಾತ್ರೆ ಇಟ್ಟು ನೆಲದ ಮೇಲೆ ಕೂತರು. ನಾನೂ ಕೂತೆ. ಎಲ್ಲ ಹೇಳಿದೆ. ಕಾಲು ಎತ್ತು ಎಂದದ್ದು, ನಾನು ಎತ್ತಿದ್ದು, ಟ್ರಾಕ್ಟರಿನ ಹಿಂದೆ ಕಾದದ್ದು, ಎಷ್ಟು ಹೊತ್ತು ಹಿಡಿಯಿತು ಎಂಬುದು. ಬಟ್ಟೆ ನೆನೆ ಹಾಕಿದ್ದಾಳೆ ಎಂದದ್ದು. ಬ್ಲಫ್‌ಗೆ ಕರೆದುಕೊಂಡು ಹೋಗುತ್ತೇನೆ ಎಂದದ್ದು. ಹೇಳಿ ಮುಗಿಸಿ, ಬೈಯಲಿ, ಹೊಡೆಯಲಿ ಎಂದು ಕಾದೆ.

"ಕಡೇದು ಇನ್ನೊಂದ್ಸಲ ಯೋಳು."

ಹೇಳಿದೆ. ಅಣ್ಣ ಹೇಳಿದ ಹಾಗೆಯೇ, ಅವರ ಮಾತಿನಲ್ಲೇ ಹೇಳಿದೆ. ಅತ್ತಿಗೆ ಸೆರಗಿನಿಂದ ಕೈ ಒರೆಸಿಕೊಂಡರು.

"ಜೋರಾಗಿ ಓಡ್ಸಿದ್ರೆ ಉಳೀತಿದ್ರೋ ಇಲ್ವೋ, ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಅದುಕ್ ನಾನೇನೂ ಅನ್ನಾಕಿಲ್ಲ" ಎಂದರು. "ಆದ್ರೆ ಈ ವರ್ಸವೆಲ್ಲ ಆ ಮನುಸುನ್ ಮ್ಯಾಲೆ ಕ್ವಾಪ ಮಡಿಕಂಡಿದ್ದೆ ಕಣವ್ವ ನಾನು. ಇಷ್ಟ್ ವರ್ಸ ಬಾಳಾಟ ಮಾಡಿ, ಓಗೋವಾಗ ನನ್ ಬಗ್ಗೆ ಒಂದ್ ಮಾತಾಡ್ದೆ ಓದ್ರಲ್ಲ ಅಂತ. ಪೋಟೋಕ್ಕೆ ಊವ ಆಕ್ತಿದ್ದೆ, ಮೊಕ ನೋಡ್ತಿರ್ನಿಲ್ಲ. ನೆನ್ನೆ ಎಡೆ ಇಕ್ಕೋವಾಗ್ಲೂ ನೋಡ್ನಿಲ್ಲ."

ನನ್ನ ನಿಧಾನಕ್ಕೆ ಅವರು ಕ್ಷಮಿಸಲಿ ಎಂದು ಕೇಳಲು ಹೋಗಿದ್ದವಳು ನಾನು. ವರ್ಷವೆಲ್ಲ ಗಂಡ ಹೆಂಡತಿಯ ನಡುವೆ ಕೂತಿದ್ದೆ ಎಂಬುದು ಗೊತ್ತೇ ಇರಲಿಲ್ಲ. ಕೈ ಹಿಡಿಯಲು ಹೋದೆ. ಅವರು ಮೆಲ್ಲಗೆ ಬಿಡಿಸಿಕೊಂಡು, ಗೋಡೆ ಹಿಡಿದು ಎದ್ದರು. ನನ್ನ ಜೊತೆ ಮುಂಬಾಗಿಲ ತನಕ ಬಂದರು.

"ಈಗ ಮನೆಗೋಗವ್ವ. ನಾನು ಅವ್ರ ತಾವ ವಸಿ ಕೂತ್ಕಬೇಕು."

ಬಾಗಿಲು ಹಾಕಿಕೊಂಡರು.